ಬಂಡೆಯ ಮೇಲೆ ನಿಂತವರು



ಫೋಟೊಗಳ ಬಗ್ಗೆ ಮಾತನಾಡಲು ರೇಡಿಯೊಗೆ ಬಂದಿದ್ದೇನೆ. ಮನೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ನಗಲಿ. ಚಿತ್ರ ನಿಮ್ಮ ಎದುರಿಗೆ ಇಲ್ಲ ಅನ್ನುವುದರಲ್ಲಿ ಒಂದು ಅನುಕೂಲವೂ ಇದೆ. ಅದರಲ್ಲಿ ಏನೇನಿದೆ ಎಂದು ನಾನು ಒಂದೊಂದಾಗಿ ಹೇಳಲೇಬೇಕಾಗುತ್ತದೆ. ಕಣ್ಣಾದರೆ ಹೊಳೆಯುವುದನ್ನು ನೋಡಿ ಉಳಿದದ್ದನ್ನು ಅಲ್ಲೇ ಬಿಟ್ಟು ಮುಂದೆ ಹೋಗಿಬಿಡುತ್ತದೆ.

ನನ್ನ ಬಳಿ ಇರುವುದು ಗಗನಚುಕ್ಕಿ ಜಲಪಾತದ ಒಂದು ಹಳೆಯ ಚಿತ್ರದ ಪ್ರತಿ. ತೆಗೆದವರ ಹೆಸರಿಲ್ಲ, ಇಸವಿಯಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ ಎರಡೇ ಪದ: ಕಾವೇರಿ ಫಾಲ್ಸ್. ಮೇಲೆ ಬಿಳಿಚಿಕೊಂಡ ಆಕಾಶ. ನಡುವೆ ನೀರು, ನೀರಿನಂತೆ ಕಾಣುವುದಿಲ್ಲ, ಬಂಡೆಗಳ ಮೇಲೆ ಹತ್ತಿ ಹಿಂಜಿ ಹರವಿದ ಹಾಗಿದೆ. ಎಡಗಡೆ ಕೆಳಗೆ, ಒಂದು ಬಂಡೆಯ ಮೇಲೆ, ಬೆಂಕಿಕಡ್ಡಿಯಷ್ಟು ಎತ್ತರದ ಒಬ್ಬ ಮನುಷ್ಯ. ತಲೆಗೆ ವಸ್ತ್ರ, ಮೊಣಕಾಲ ಮೇಲೆ ಪಂಚೆ. ಮುಖ ಕಾಣುವುದಿಲ್ಲ. ನಾನು ಈ ಚಿತ್ರವನ್ನು ಮೊದಲ ಸಲ ನೋಡಿದಾಗ ಅವನು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನವರು ನಮ್ಮ ನಾಡಿನಲ್ಲಿ ತೆಗೆದ ಚಿತ್ರಗಳನ್ನು ಒಂದಿಷ್ಟು ನೋಡಿದ್ದೇನೆ. ಬೆಟ್ಟ, ಕೋಟೆ, ಜಲಪಾತ, ಪಾಳುಬಿದ್ದ ಗುಡಿ. ಹೆಚ್ಚಿನವುಗಳಲ್ಲಿ ಊರು ಖಾಲಿ. ಸಂತೆಗೆ ಹೋದವರು ಇನ್ನೂ ಬಂದಿಲ್ಲವೇನೋ ಅನ್ನಿಸುವಷ್ಟು ಖಾಲಿ. ಇದಕ್ಕೆ ಮೊದಲ ಕಾರಣ ಯಂತ್ರ. ನ್ಯಾಯವಾಗಿ ಅದನ್ನು ಮೊದಲು ಹೇಳಬೇಕು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬಾತ ಗಾಜಿನ ಮೇಲೆ ಚಿತ್ರ ತೆಗೆಯುವ ವಿಧಾನವನ್ನು ಹೊರತಂದ. ಕೊಲೋಡಿಯನ್ ಎಂಬ ಅಂಟುದ್ರವವನ್ನು ಗಾಜಿಗೆ ಹುಯ್ದು, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಹಸಿ ಆರುವ ಮೊದಲೇ ಕ್ಯಾಮೆರಾಕ್ಕೆ ಹಾಕಿ, ಚಿತ್ರ ತೆಗೆದು, ಹಸಿ ಇರುವಾಗಲೇ ತೊಳೆಯಬೇಕು. ನಮ್ಮ ಚೈತ್ರ ವೈಶಾಖದ ಬಿಸಿಲಿನಲ್ಲಿ ಅದೆಷ್ಟು ಹೊತ್ತು ಹಸಿ ಇದ್ದೀತು? ಹಾಗಾಗಿ ಕತ್ತಲೆಯ ಡೇರೆ, ಔಷಧದ ಸೀಸೆಗಳು, ಗಾಜಿನ ಪೆಟ್ಟಿಗೆಗಳು ಎಲ್ಲವೂ ಜೊತೆಯಲ್ಲೇ ಹೋಗಬೇಕಿತ್ತು. ಮುಚ್ಚಳ ತೆಗೆದರೆ ಕೆಲವು ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕು. ಅಷ್ಟರಲ್ಲಿ ನಡೆದು ಹೋದವನು ಮಂಜಾಗುತ್ತಾನೆ, ಓಡಿದ ನಾಯಿ ಮಾಯವಾಗುತ್ತದೆ, ಬೀಳುವ ನೀರು ಹತ್ತಿಯಾಗುತ್ತದೆ. ನಿಂತದ್ದು ಮಾತ್ರ ಉಳಿಯುತ್ತದೆ.

ಸರಿ, ನಡೆಯುವವರನ್ನು ಅಳಿಸಿದ್ದು ಯಂತ್ರ. ಆದರೆ ಬಂಡೆಯ ಮೇಲಿನ ಈ ಮನುಷ್ಯ ಅಲುಗದೆ ನಿಂತಿದ್ದಾನಲ್ಲ? ಅವನನ್ನು ಯಾರೋ ನಿಲ್ಲಿಸಿದ್ದಾರೆ. ಅಲ್ಲಿ ನಿಲ್ಲು, ಕದಲಬೇಡ ಎಂದಿದ್ದಾರೆ. ಅವನು ನಿಂತದ್ದಕ್ಕೇ ನಮಗೆ ಜಲಪಾತ ಎಷ್ಟು ಎತ್ತರ ಎಂದು ಗೊತ್ತಾಗುವುದು. ಬಟ್ಟೆ ಅಂಗಡಿಯ ಗಜಕೋಲಿನ ಕೆಲಸ. ಗಜಕೋಲಿಗೆ ಹೆಸರು ಯಾರು ಕೇಳುತ್ತಾರೆ?

ಕ್ಯಾಮೆರಾ ಬರುವ ಮೊದಲೇ ನಮ್ಮ ಮಂಡ್ಯ ಜಿಲ್ಲೆ ಇಂಗ್ಲೆಂಡಿನ ಗೋಡೆಗಳ ಮೇಲೆ ನೇತಾಡುತ್ತಿತ್ತು. 1792ರಲ್ಲಿ ಟಿಪ್ಪುವಿನ ಜೊತೆಗಿನ ಯುದ್ಧ ಮುಗಿದು ಸುಮಾರು ಎರಡು ವರ್ಷದಲ್ಲಿ, ಅಂದರೆ 1794ರ ಹೊತ್ತಿಗೆ, ಮೈಸೂರು ಸೀಮೆಯ ನೋಟಗಳ ಮೂರು ಪುಸ್ತಕಗಳು ಹೊರಬಂದವು. ಒಂದು ರಾಬರ್ಟ್ ಹೋಮನದು, ಒಂದು ಅಲೆಕ್ಸಾಂಡರ್ ಅಲನ್‌ನದು, ಒಂದು ಕೋಲ್‌ಬ್ರೂಕನದು. ಹೋಮ್ ಕಾರ್ನ್‌ವಾಲಿಸನ ದಂಡಿನ ಜೊತೆ ಬಂದ ಕಲಾವಿದ. ಅಲನ್ ಸೈನ್ಯಾಧಿಕಾರಿ. ಕೋಲ್‌ಬ್ರೂಕ್ ಮೋಜಣಿಯವನು. ದಂಡು, ಅಳತೆಯ ಸರಪಳಿ, ಬಣ್ಣದ ಪೆಟ್ಟಿಗೆ ಮೂರೂ ಒಂದೇ ದಾರಿಯಲ್ಲಿ ಬಂದವು ಎಂಬುದನ್ನು ಮರೆಯಬಾರದು. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾಳಗ, ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ಲಂಡನ್ನಿನಲ್ಲಿ ರಾಬರ್ಟ್ ಕರ್ ಪೋರ್ಟರ್ ಎಂಬ ತರುಣ ಆ ಮುತ್ತಿಗೆಯನ್ನು ನೂರು ಅಡಿಗೂ ಉದ್ದದ ಚಿತ್ರವಾಗಿ ಬರೆದು ಟಿಕೆಟ್ಟಿಟ್ಟು ತೋರಿಸಿದ. ಟರ್ನರ್‌ನಂಥ ದೊಡ್ಡ ಚಿತ್ರಕಾರನೂ ಶ್ರೀರಂಗಪಟ್ಟಣವನ್ನು ಬರೆದಿದ್ದಾನೆ. ಅವನು ಭಾರತದ ನೆಲಕ್ಕೆ ಕಾಲಿಟ್ಟವನಲ್ಲ.

ಹಾಗಾಗಿ ಫೋಟೊದವರು ಬಂದಾಗ ಎಲ್ಲಿ ನಿಲ್ಲಬೇಕು ಎಂಬುದು ಮೊದಲೇ ಗೊತ್ತಾಗಿತ್ತು. ಶ್ರೀರಂಗಪಟ್ಟಣದಲ್ಲಿ ಕೋಟೆ ಒಡೆದ ಜಾಗ. ಟಿಪ್ಪು ಬಿದ್ದ ಜಾಗ. ದರಿಯಾ ದೌಲತ್. ಗುಂಬಜ್. ಅದೊಂದು ಯಾತ್ರೆ. ನಮ್ಮವರು ಆದಿರಂಗನ ದರ್ಶನಕ್ಕೆ ಹೋದರೆ, ಅವರು ತಮ್ಮ ಗೆಲುವಿನ ದರ್ಶನಕ್ಕೆ ಬರುತ್ತಿದ್ದರು. ಕೋಟೆ ಒಡೆದ ಜಾಗದಲ್ಲಿ ಈಗ ನಿಂತಿರುವ ಸ್ಮಾರಕ ಕಂಬ 1907ರದು. ಅಷ್ಟು ಹೊತ್ತಿಗೆ ಆ ನೋಟ ಎಷ್ಟು ಪಳಗಿತ್ತು ಎಂದರೆ, ಕಂಬ ನೆಟ್ಟದ್ದು ಮೈಸೂರಿನ ಅರಸರ ಸರ್ಕಾರವೇ.

ಇದಕ್ಕೆ ಬಹಳ ಮೊದಲೇ ಫೋಟೊ ತೆಗೆಯುವುದಕ್ಕೆ ಸರ್ಕಾರಿ ಮುದ್ರೆಯೂ ಬಿದ್ದಿತ್ತು. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಪುರಾತನ ಕಟ್ಟಡಗಳ ದಾಖಲೆಗೆ ಚಿತ್ರಕಾರರಿಗಿಂತ ಕ್ಯಾಮೆರಾ ಒಳ್ಳೆಯದು ಎಂದು ಬರೆದರು. ಅದಕ್ಕೆ ಸ್ವಲ್ಪ ಮುಂಚೆ, 1854ರ ಕೊನೆಯಲ್ಲಿ, ಲಿನ್ನೀಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಮೈಸೂರು ಸೀಮೆಗೆ ಬಂದು ಬೇಲೂರು ಹಳೇಬೀಡುಗಳ ಚಿತ್ರ ತೆಗೆದಿದ್ದ. ಮುಂದೆ ಅವನೇ ಮದ್ರಾಸ್ ಸರ್ಕಾರದ ಫೋಟೊಗ್ರಾಫರ್ ಆದ. 1858ರಲ್ಲಿ ಹೊರಬಂದ ಅವನ ಆಲ್ಬಮ್‌ಗಳಲ್ಲಿ ಒಂದು ನಮ್ಮ ಗಡಿಯಾಚೆಯ ರಾಯಕೋಟೆಯದು. 1791ರಲ್ಲಿ ಟಿಪ್ಪುವಿನಿಂದ ಕಂಪನಿ ಕಿತ್ತುಕೊಂಡ ಬೆಟ್ಟದ ಕೋಟೆ ಅದು. ಟ್ರೈಪನ ಕೆಲಸ ನೋಡಿದರೆ ಕೈಮುಗಿಯಬೇಕು ಅನ್ನಿಸುತ್ತದೆ, ಅಷ್ಟು ಶ್ರದ್ಧೆ. ಆಕಾಶ ಬೋಳಾಗಿ ಬಂದರೆ ನೆಗೆಟಿವ್ ಮೇಲೆ ಬಣ್ಣ ಹಚ್ಚಿ ಮೋಡ ಬರೆಯುತ್ತಿದ್ದ. ಆಮೇಲೆ ಗವರ್ನರ್ ಆಗಿ ಬಂದ ಟ್ರೆವೆಲಿಯನ್ ಇದು ದುಂದುವೆಚ್ಚ ಎಂದು ಇಲಾಖೆಯನ್ನೇ ಮುಚ್ಚಿಸಿದ. ಸರ್ಕಾರಿ ಕಲಾವಿದರ ಹಣೆಬರಹ ಆಗಲೂ ಹಾಗೆಯೇ.

ಈ ಚಿತ್ರಗಳನ್ನೆಲ್ಲ ತಿಪ್ಪೆಗೆ ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಹಳೇಬೀಡಿನ ಗುಡಿ ದುರಸ್ತಿಗೆ ಮೊದಲು ಹೇಗಿತ್ತು ಎಂದು ತಿಳಿಯಬೇಕಾದರೆ ಟ್ರೈಪ್‌ನನ್ನೋ, 1856ರಲ್ಲಿ ಅಲ್ಲಿ ಚಿತ್ರ ತೆಗೆದ ಓಕ್ಲೆಯನ್ನೋ ಕೇಳಬೇಕು. ನನ್ನ ತಕರಾರು ಚಿತ್ರದ ಅಂಚಿನಲ್ಲಿದೆ, ಕೆಳಗಿನ ಬರಹದಲ್ಲಿದೆ. ಗಿಡ ಬೆಳೆದ ಗೋಡೆ, ಉರುಳಿದ ಕಂಬ, ಪಕ್ಕದಲ್ಲಿ ಸುಮ್ಮನೆ ಕುಳಿತ ಒಬ್ಬ. ಇದನ್ನು ನೋಡಿದ ಲಂಡನ್ನಿನ ಓದುಗನಿಗೆ ಅನ್ನಿಸುವುದೇನು? ಇಲ್ಲಿ ಹಿಂದೆ ದೊಡ್ಡವರು ಇದ್ದರು, ಈಗ ಇರುವವರಿಗೆ ಇದನ್ನು ನೋಡಿಕೊಳ್ಳುವ ಯೋಗ್ಯತೆಯಿಲ್ಲ, ಸದ್ಯ ನಾವು ಬಂದೆವು. ಚಿತ್ರ ಈ ಮಾತನ್ನು ಬಾಯಿಬಿಟ್ಟು ಆಡುವುದಿಲ್ಲ. ನೋಡುವವನೇ ಆಡಿಕೊಳ್ಳುತ್ತಾನೆ.

ಇನ್ನು ಹೊತ್ತವರ ಮಾತು. ಆ ಕಾಲದ ಅತಿ ಹೆಸರುವಾಸಿ ಫೋಟೊಗ್ರಾಫರ್ ಸ್ಯಾಮ್ಯುಯೆಲ್ ಬೋರ್ನ್. 1863ರಲ್ಲಿ ಕಲ್ಕತ್ತೆಗೆ ಬಂದಿಳಿದು ಹಿಮಾಲಯಕ್ಕೆ ಹೋದ. ಮೊದಲ ಪ್ರವಾಸದಲ್ಲೇ ಸುಮಾರು 30 ಮಂದಿ ಕೂಲಿಯಾಳುಗಳು. ಅವನು ತನ್ನ ಅನುಭವಗಳನ್ನು ಇಂಗ್ಲೆಂಡಿನ ಪತ್ರಿಕೆಗೆ ಬರೆದು ಕಳಿಸುತ್ತಿದ್ದ. ಆಳುಗಳು ನಡುದಾರಿಯಲ್ಲಿ ಹೊರೆ ಬಿಟ್ಟು ಓಡಿಹೋದದ್ದು, ಹುಡುಕಿಸಿ ದೊಣ್ಣೆಯಿಂದ ಬಾರಿಸಿದ್ದು, ಎಲ್ಲವನ್ನೂ ಮುಜುಗರವಿಲ್ಲದೆ ಬರೆದಿದ್ದಾನೆ. ಅವನ ಹಿಮಾಲಯದ ಚಿತ್ರಗಳಲ್ಲಿ ಮಾತ್ರ ಎಂಥ ಶಾಂತಿ! ಗಾಜಿನ ಮೂಲೆಯಲ್ಲಿ ನಂಬರು ಕೆತ್ತಿರುತ್ತಿತ್ತು. ಕೆಟಲಾಗು ನೋಡಿ, ನಂಬರು ಹೇಳಿ, ಬೇಕಾದ ಪರ್ವತವನ್ನು ಕೊಳ್ಳಬಹುದಿತ್ತು.

ಈಗ ನಮ್ಮ ದಾರಿಗೆ ಬರುತ್ತೇನೆ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವವರು ಆಗಲೂ ಚನ್ನಪಟ್ಟಣ, ಮದ್ದೂರು, ಮಂಡ್ಯ ದಾಟಿಯೇ ಹೋಗಬೇಕಿತ್ತು. ಎತ್ತಿನ ಗಾಡಿಯಲ್ಲಿ ಹುಲ್ಲು ಮೆತ್ತಿ ಗಾಜು ಜೋಡಿಸಿಕೊಂಡು ಅವರು ಹೋಗುವಾಗ ಎರಡೂ ಬದಿಗೆ ಏನಿತ್ತು? ರಾಗಿ ಹೊಲ. ಅವರೆ ಸಾಲು. ಕೆರೆ ಏರಿ. ಮದ್ದೂರಿನಲ್ಲಿ ಶಿಂಷೆ. ಆ ಕಾಲದ ಮದ್ದೂರು ಸಂತೆಯದು, ಮಂಡ್ಯದ ಒಕ್ಕಣೆ ಕಣದ್ದು ಒಂದು ಚಿತ್ರ ಸಿಕ್ಕೀತೇ ಎಂದು ನಾನು ವರ್ಷಗಟ್ಟಲೆ ಕಣ್ಣಿಟ್ಟಿದ್ದೇನೆ. ನನ್ನ ಕಣ್ಣಿಗೆ ಬಿದ್ದಿಲ್ಲ. ಮಂಡ್ಯ ಎಂದರೆ ಈಗ ನಿಮಗೆ ಕಬ್ಬು, ಭತ್ತ, ನಾಲೆಯ ಹಸಿರು ನೆನಪಾಗುತ್ತದೆ. ಅದು 1930ರ ದಶಕದಲ್ಲಿ ಇರ್ವಿನ್ ನಾಲೆ ಬಂದ ಮೇಲಿನ ಮಾತು. ಅದಕ್ಕೆ ಹಿಂದಿನ ಮಂಡ್ಯ ಮಳೆ ನೋಡಿಕೊಂಡು ಬದುಕಿದ ನೆಲ. ಒಣ ಹೊಲದಲ್ಲಿ ಬೆನ್ನು ಬಗ್ಗಿಸಿದ ಹೆಂಗಸರು ‘ನೋಟ’ ಆಗಲಿಲ್ಲ. ಗಾಡಿ ನಿಲ್ಲಲಿಲ್ಲ, ಪೆಟ್ಟಿಗೆ ಇಳಿಯಲಿಲ್ಲ.

ಇಲ್ಲಿ ಭಾಷೆಯದೂ ಒಂದು ಪಾತ್ರವಿದೆ. ‘ಭೂದೃಶ್ಯ’ ಎಂಬ ಪದವನ್ನು ನಮ್ಮಜ್ಜಿಯ ಬಾಯಲ್ಲಿ ನಾನು ಕೇಳಿಲ್ಲ, ನೀವೂ ಕೇಳಿರಲಾರಿರಿ. ಅದು ಇಂಗ್ಲಿಷಿನ ಬೆನ್ನು ಹತ್ತಿ ನಾವು ಕಟ್ಟಿಕೊಂಡ ಪದ. ಅಜ್ಜಿಗೆ ಗೊತ್ತಿದ್ದದ್ದು ಹೊಲ, ಗದ್ದೆ, ಬಾರೆ, ತೋಪು, ಗೋಮಾಳ, ಕೆರೆಯಂಗಳ. ಅಲ್ಲಿ ಯಾರ ದನ ಮೇಯಬಹುದು, ಸೌದೆ ಯಾರು ಆಯಬಹುದು ಎಂಬುದೂ ಆ ಹೆಸರಿನ ಜೊತೆಗೇ ಬರುತ್ತಿತ್ತು. ನಮ್ಮ ಹಳೆಯ ಕವಿಗಳೂ ಹದಿನೆಂಟು ವರ್ಣನೆಗಳಲ್ಲಿ ಬೆಟ್ಟ, ಸಮುದ್ರ, ಋತುಗಳನ್ನು ಬಣ್ಣಿಸಿದವರೇ. ಆ ಬೆಟ್ಟದಲ್ಲಿ ಬೇಡನಿರುತ್ತಾನೆ, ವಸಂತದಲ್ಲಿ ಮಾಲೆ ಕಟ್ಟುವವಳಿರುತ್ತಾಳೆ. ಜನರನ್ನು ಗುಡಿಸಿ ಹಾಕಿದ ಮೇಲೆ ಉಳಿಯುವ ನೆಲಕ್ಕೆ ಬೇರೆಯೇ ಒಂದು ಹೆಸರು ಬೇಕಾದದ್ದು ಆಮೇಲೆ.

ಗಗನಚುಕ್ಕಿಗೆ ಮರಳೋಣ. ಕಾವೇರಿ ಶಿವನಸಮುದ್ರದಲ್ಲಿ ಎರಡಾಗಿ ಒಡೆದು, ನಡುವೆ ಒಂದು ನಡುಗಡ್ಡೆ ಮಾಡಿ, ಒಂದು ಕವಲು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಬೀಳುತ್ತದೆ. ಈಚೆ ದಡ ಮಳವಳ್ಳಿ, ಮೈಸೂರು ಸಂಸ್ಥಾನ. ಆಚೆ ಕೊಳ್ಳೇಗಾಲ, 1956ರ ತನಕ ಮದ್ರಾಸಿನ ಕೊಯಮತ್ತೂರು ಜಿಲ್ಲೆ. ಅಲ್ಲಿ ಮಧ್ಯರಂಗನ ಗುಡಿಯಿದೆ, ಸೋಮೇಶ್ವರನಿದ್ದಾನೆ, ಜಲಪಾತದ ಪಕ್ಕದಲ್ಲೇ ದರ್ಗಾ ಇದೆ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬವರು ನಡುಗಡ್ಡೆಗೆ ಕಲ್ಲುಕಂಬದ ಸೇತುವೆಗಳನ್ನು ಕಟ್ಟಿಸಿದರು. ಅದಕ್ಕಾಗಿ ಜಹಗೀರೂ ಬಂತು. ಒಂದು ಸೇತುವೆಗೆ ಇಟ್ಟ ಹೆಸರು ಮದ್ರಾಸಿನ ಗವರ್ನರ್ ಲಷಿಂಗ್ಟನ್‌ನದು. ಕಟ್ಟಿಸಿದವರು ಒಬ್ಬರು, ಹೆಸರು ಇನ್ನೊಬ್ಬರದು.

ಇಷ್ಟೆಲ್ಲ ಇರುವ ಜಾಗಕ್ಕೆ ‘ಕಾವೇರಿ ಫಾಲ್ಸ್’ ಎಂದು ಬರೆದರೆ ಗುಡಿ ಹೋಯಿತು, ದರ್ಗಾ ಹೋಯಿತು, ಚುಕ್ಕಿ ಎಂಬ ಮುದ್ದಾದ ಮಾತೂ ಹೋಯಿತು. ಉಳಿದದ್ದು ನೀರು, ಎತ್ತರ. ನೀರು ಮತ್ತು ಎತ್ತರ ಎರಡನ್ನೂ ಗುಣಿಸಿದರೆ ಏನು ಬರುತ್ತದೆ ಎಂದು ಇಂಜಿನಿಯರುಗಳಿಗೆ ಗೊತ್ತು.

ಈ ಕಥೆಯಲ್ಲಿ ನನ್ನನ್ನು ಬಹಳ ದಿನ ಕಾಡಿದ ಒಂದು ಎಳೆ ಇಲ್ಲಿದೆ. 1839ರ ಆಗಸ್ಟಿನಲ್ಲಿ ಪ್ಯಾರಿಸ್ಸಿನಲ್ಲಿ ಡಾಗೆರೋಟೈಪ್ ಎಂಬ ಹೊಸ ವಿದ್ಯೆ ಪ್ರಕಟವಾಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ಮೂಡಿಸುವುದು. ಕೆಲವೇ ವಾರಗಳಲ್ಲಿ ಒಬ್ಬ ಶ್ರೀಮಂತ ಆ ಪೆಟ್ಟಿಗೆ ಹೊತ್ತುಕೊಂಡು ಪೂರ್ವ ದೇಶಗಳಿಗೆ ಹೊರಟ. ಪಿಯರ್-ಗುಸ್ತಾವ್ ಜೋಲಿ ಡಿ ಲೋಟ್‌ಬಿನಿಯೇರ್. ಹುಟ್ಟಿದ್ದು ಸ್ವಿಟ್ಜರ್‌ಲೆಂಡಿನಲ್ಲಿ, ಜಮೀನು ಕೆನಡಾದಲ್ಲಿ. ಅಥೆನ್ಸಿನ ಅಕ್ರೊಪೊಲಿಸ್‌ನ ಮೊಟ್ಟಮೊದಲ ಫೋಟೊ ತೆಗೆದವನು ಅವನೇ. ಈಜಿಪ್ಟಿಗೂ ಹೋದ. ಅವನು ತೆಗೆದ ತಗಡುಗಳು ಈಗ ಉಳಿದಿಲ್ಲ. ಉಳಿದಿರುವುದು ಅವನ್ನು ನೋಡಿ ಪ್ಯಾರಿಸ್ಸಿನಲ್ಲಿ ಕೆತ್ತಿಸಿ ಅಚ್ಚು ಹಾಕಿದ ಚಿತ್ರಗಳು. ಆ ಮಾಲೆಯಲ್ಲಿ ಖಾಲಿ ಬಂದ ನೋಟಗಳಿಗೆ ಕೆತ್ತನೆಯವರು ತಮಗೆ ತೋಚಿದ ಜನರನ್ನು ಬಿಡಿಸಿ ಸೇರಿಸುವುದಿತ್ತು. ಯಂತ್ರ ಅಳಿಸಿದ್ದನ್ನು ಕೈ ತುಂಬಿತು, ತನಗೆ ಬೇಕಾದ ಹಾಗೆ. ಅವನ ಮಗನೊಬ್ಬ ಬ್ರಿಟಿಷ್ ಸೈನ್ಯ ಸೇರಿ ಸಿಪಾಯಿ ದಂಗೆಯಲ್ಲಿ ಲಕ್ನೋದಲ್ಲಿ ಸತ್ತ. ಇನ್ನೊಬ್ಬ ಮಗ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಪ್ರಧಾನಿಯಾದ. ಆ ಪ್ರಧಾನಿಯ ಮಗ ಅಲೆನ್ ಜೋಲಿ ಡಿ ಲೋಟ್‌ಬಿನಿಯೇರ್. ಹೌದು, ನಮ್ಮ ಶಿವನಸಮುದ್ರದ ವಿದ್ಯುತ್ ಯೋಜನೆಯ ಇಂಜಿನಿಯರ್.

ತಾತ ನೋಟವನ್ನು ತಗಡಿಗಿಳಿಸಿದ, ಮೊಮ್ಮಗ ಅದನ್ನು ತಂತಿಗೆ ಹರಿಸಿದ. ಇದು ವಿಧಿಯೆಂದೇನೂ ನಾನು ಹೇಳುವುದಿಲ್ಲ, ದೊಡ್ಡ ಮನೆತನಗಳು ಸಾಮ್ರಾಜ್ಯದ ಎಲ್ಲ ಕೋಣೆಗಳಲ್ಲೂ ಓಡಾಡಿಕೊಂಡಿದ್ದವು, ಅಷ್ಟೆ. ಆದರೂ ನೆನೆದಾಗ ಮೈ ಜುಮ್ಮೆನ್ನುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಯೋಜನೆಯನ್ನು ಕೈಗೆತ್ತಿಕೊಂಡರು, ಮುಗಿಯುವುದನ್ನು ನೋಡಲು ಉಳಿಯಲಿಲ್ಲ. ಭಾರಿ ಯಂತ್ರಗಳು ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ಇಳಿದು, ಆನೆ, ಎತ್ತುಗಳ ಬಲದಿಂದ ಮಳವಳ್ಳಿಯ ಮೇಲೆ ಹಾದು ನದಿಯ ಅಂಚಿಗೆ ಬಂದವು. 1902ರ ಜೂನ್ ಕೊನೆಗೆ ಕರೆಂಟು ಹರಿಯಿತು. ಎಲ್ಲಿಗೆ? 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೊಂದು. ಗಣಿ ಲಂಡನ್ನಿನ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿತ್ತು. 1905ರಲ್ಲಿ ಬೆಂಗಳೂರಿಗೆ ಬೆಳಕು, 1908ರಲ್ಲಿ ಮೈಸೂರಿಗೆ. ಜಲಪಾತಕ್ಕೆ ಕೂಗಳತೆಯಲ್ಲಿದ್ದ ನಮ್ಮ ಹಳ್ಳಿಯಲ್ಲಿ ನನ್ನ ತಂದೆ ಸೀಮೆಎಣ್ಣೆ ಬುಡ್ಡಿಯ ಕೆಳಗೆ ಲೋವರ್ ಸೆಕೆಂಡರಿ ಓದಿದರು. ಯೋಜನೆ ಕೆಟ್ಟದ್ದು ಎಂದಲ್ಲ. ಅದರಿಂದ ಸಂಸ್ಥಾನ ಬೆಳೆಯಿತು, ನಾವೂ ಕೊನೆಗೆ ಬಲ್ಬು ಕಂಡೆವು. ಸರದಿ ಯಾರದು ಮೊದಲು ಎಂಬುದಷ್ಟೇ ನನ್ನ ಲೆಕ್ಕ.

ವಿದ್ಯುದಾಗಾರದ ಪಕ್ಕ ಹುಟ್ಟಿದ ಕಾಲೊನಿಗೆ ಬ್ಲಫ್ ಎಂದು ಹೆಸರಾಯಿತು. ಇಂಗ್ಲಿಷಿನಲ್ಲಿ ಅದಕ್ಕೆ ನದಿಯ ದಂಡೆಯ ಕಡಿದಾದ ಬಂಡೆ ಎಂದರ್ಥ, ಚಿತ್ರ ಬರೆಯುವವರ, ನಕ್ಷೆ ತೆಗೆಯುವವರ ಪದ. ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ‘ಬ್ಲಪ್ಪೂ ಬ್ಲಪ್ಪೂ’ ಎಂದು ಕೂಗುತ್ತಾನೆ. ಅಜ್ಜಿಯರು ಮಡಿಲಲ್ಲಿ ಎಲೆಯಡಿಕೆ ಕಟ್ಟಿಕೊಂಡು ಹತ್ತುತ್ತಾರೆ. ಪದ ಈಗ ಅವರದೇ ಆಗಿಹೋಗಿದೆ.

ಹೋದ ವರ್ಷ ಆ ಚಿತ್ರದ ಪ್ರತಿಯನ್ನು ಹಿಡಿದುಕೊಂಡು ನಾನೂ ಹೋದೆ. ಮಳೆಗಾಲ, ಚುಕ್ಕಿ ತುಂಬಿ ಬೀಳುತ್ತಿತ್ತು. ಮದುವೆಗೆ ಮುಂಚಿನ ಫೋಟೊ ತೆಗೆಸಲು ಒಂದು ಜೋಡಿ ಬಂದಿತ್ತು. ಹುಡುಗಿಗೆ ಗೌನು, ಹುಡುಗನಿಗೆ ಸೂಟು. ತಲೆಯ ಮೇಲೆ ಡ್ರೋನು ಗುಂಯ್‌ಗುಡುತ್ತಿತ್ತು. ಫೋಟೊದ ಹುಡುಗ ಅಲ್ಲಿ ಮೇಕೆ ಹೊಡೆದುಕೊಂಡು ನಿಂತಿದ್ದ ಅಮ್ಮನಿಗೆ, “ಸೊಲ್ಪ ಆ ಕಡೀಕ್ ಓಗವ್ವ, ಪ್ರೇಮ್‌ನಲ್ ಬತ್ತಿದ್ದೀಯ” ಎಂದ. ಆಕೆ ಮರುಮಾತಾಡದೆ ಮೇಕೆಗಳನ್ನು ಅಟ್ಟಿಕೊಂಡು ಪಕ್ಕಕ್ಕೆ ಹೋದಳು.

ನಾನು ಹಳೆಯ ಚಿತ್ರದಲ್ಲಿದ್ದ ಜಾಗ ಯಾವುದೆಂದು ಹುಡುಕುತ್ತಿದ್ದೆ. ಪಕ್ಕದಲ್ಲಿ ಸೌತೆಕಾಯಿ ಹೆಚ್ಚಿ ಉಪ್ಪುಕಾರ ಸವರಿ ಮಾರುತ್ತಿದ್ದವರು ಬಗ್ಗಿ ನೋಡಿದರು. ವಯಸ್ಸು ಅರವತ್ತರ ಮೇಲಿರಬೇಕು. ನೀರನ್ನು ನೋಡಲಿಲ್ಲ, ಬಂಡೆಯನ್ನು ನೋಡಲಿಲ್ಲ. ನೆಟ್ಟಗೆ ಆ ಕಡ್ಡಿಯಂಥ ಮನುಷ್ಯನ ಮೇಲೆ ಬೆರಳಿಟ್ಟು, “ಇದ್ಯಾರ್ ಸಾ, ಇಲ್ ನಿಂತಿರೋರು?” ಎಂದರು.

“ಗೊತ್ತಿಲ್ಲಪ್ಪ. ನೂರು ವರ್ಷದ ಮೇಲಾಯ್ತು.”

“ಬರ್ದಿಲ್ವಾ ಕೆಳ್ಗೆ?”

“ಇಲ್ಲ. ಜಲಪಾತದ ಹೆಸರು ಬರೆದಿದ್ದಾರೆ.”

ಅವರು ಕೈಯನ್ನು ಪಂಚೆಗೆ ಒರೆಸಿಕೊಂಡು ಚಿತ್ರವನ್ನು ಇಸಿದುಕೊಂಡರು. ಬಿಸಿಲಿಗೆ ಹಿಡಿದು ಒಂದು ಗಳಿಗೆ ನೋಡಿದರು. ಆಮೇಲೆ ಎದುರಿನ ಬಂಡೆಗಳ ಕಡೆಗೆ ಕೈತೋರಿಸಿದರು.

“ಆ ಬಂಡೆ ಕಣ್ ಸಾ, ಅಗೋ ಅಲ್ಲಿ, ನೀರು ಸುತ್ತಾಕ್ಕೊಂಡು ಓಯ್ತದಲ್ಲ, ಅದೇಯ. ಯಾವಾಗ್ಲೂ ಪಾಚಿ. ಗೊತ್ತಿಲ್ದೋರು ಅಲ್ಲಿ ಕಾಲ್ ಮಡಗಾಕಿಲ್ಲ, ಮಡಗುದ್ರೆ ಎಣಾನೂ ಸಿಕ್ಕಾಕಿಲ್ಲ. ಮೀನಿಡ್ಯೋರೇಯ ಇವ್ರು. ನಿಂತಿರೋದ್ ನೋಡಿ, ಎಡಗಾಲ್ನ ಸಂದೀಗ್ ಕೊಟ್ಟವ್ರೆ. ನಮ್ಮಪ್ಪಾನೂ ಇಂಗೇ ನಿಲ್ಲೋನು.”

ನಾನು ಕನ್ನಡಕ ಏರಿಸಿ ನೋಡಿದೆ. ಎಡಗಾಲು ಬಂಡೆಯ ಸಂದಿನಲ್ಲಿತ್ತು.